ಎಲೆಮರೆಯ ಕಾಯಿ: ಡಾ. ಯಲ್ಲಾಪ್ರಗಡ ಸುಬ್ಬರಾವ್

ನಮ್ಮ ದೇಶದ ವಿಜ್ಞಾನಿಗಳ ಹೆಸರು ಹೇಳಿರೆಂದರೆ ನಾವು ಜಗದೀಶಚಂದ್ರ ಬೋಸ್, ಸಿ. ವಿ. ರಾಮನ್, ಶ್ರೀನಿವಾಸ ರಾಮಾನುಜನ್ ಎಂದು ಬೆರಳು ಮಡಿಸುತ್ತ ಹೋಗುತ್ತೇವೆ. ಅದು ಯುಕ್ತವೇ. ಆದರೆ ಅದೇ ಪಂಕ್ತಿಯಲ್ಲಿ ಎಲೆ ಹಾಕಿ ಕೂರಿಸಬೇಕಾದ ಇನ್ನೊಬ್ಬ ಮಹನೀಯರಿದ್ದಾರೆ. ವೈದ್ಯಶಾಸ್ತ್ರ ಬಲ್ಲವರಿಗೆ ಅವರ ಹೆಸರು ಸುಪರಿಚಿತ. ನಮ್ಮಂಥ ಕಲಾ ವಿಭಾಗದವರ ಕಿವಿಗೆ ಬೀಳುವುದು ಅಪರೂಪ. ಅವರೇ ಡಾಕ್ಟರ್ ಯಲ್ಲಾಪ್ರಗಡ ಸುಬ್ಬರಾಯರು.

ನಾನು ಇತಿಹಾಸ, ಅರ್ಥಶಾಸ್ತ್ರ ಓದುವವನು. ರಸಾಯನಶಾಸ್ತ್ರದ ಪ್ರಯೋಗಶಾಲೆಯ ಹೊಸ್ತಿಲು ದಾಟಿದವನಲ್ಲ. ಆದರೂ ಈ ಸಂಚಿಕೆಗೆ ಅವರ ಜೀವನವನ್ನೇ ಆರಿಸಿಕೊಂಡೆ. ಅದಕ್ಕೆ ಎರಡು ಕಾರಣಗಳಿವೆ. ಅವರು ಶೋಧಿಸಿದ ವಸ್ತುಗಳು ಇಂದಿಗೂ ನಮ್ಮ ದೇಹದೊಳಗೂ ನಮ್ಮ ಆಸ್ಪತ್ರೆಗಳೊಳಗೂ ಕೆಲಸ ಮಾಡುತ್ತಿವೆ ಎಂಬುದು ಮೊದಲನೆಯದು. ಮನೆತನಕ್ಕೆಲ್ಲ ಮೊದಲನೆಯ ಪದವೀಧರನಾಗಲು ಹೊರಟಿರುವ ನನ್ನಂಥವನಿಗೆ ಅವರ ಬಾಳು ಒಂದು ಕಠಿಣವಾದ ಪ್ರಶ್ನೆಯನ್ನು ಹಾಕುತ್ತದೆ ಎಂಬುದು ಎರಡನೆಯದು. ಒಬ್ಬನ ವಿದ್ಯೆಗಾಗಿ ಹಲವರು ತ್ಯಾಗ ಮಾಡುತ್ತಾರೆ. ಆ ಸಾಲವನ್ನು ಅವನು ಯಾರಿಗೆ, ಹೇಗೆ ತೀರಿಸಬೇಕು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ವಾಚಕರು ಮುಂದಿನ ಕಥೆಯನ್ನು ಓದಬೇಕೆಂದು ಪ್ರಾರ್ಥಿಸುತ್ತೇನೆ.

ಸುಬ್ಬರಾಯರು ಹುಟ್ಟಿದ್ದು 1895ನೆಯ ಇಸವಿ ಜನವರಿ 12ರಂದು, ಆಂಧ್ರದ ಗೋದಾವರಿ ಸೀಮೆಯ ಭೀಮವರದಲ್ಲಿ. ಅದು ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ತಂದೆ ಜಗನ್ನಾಥಂ ಕಂದಾಯ ಇಲಾಖೆಯ ನೌಕರರು, ತಾಯಿ ವೆಂಕಮ್ಮ. ದೊಡ್ಡ ಸಂಸಾರ, ಸಣ್ಣ ಸಂಬಳ. ಬಡತನದ ಬಿಸಿ ಹುಡುಗನಿಗೆ ಬೇಗನೆ ತಟ್ಟಿತು. ಹದಿಮೂರನೆಯ ವಯಸ್ಸಿನಲ್ಲಿ ಅವನು ಜೊತೆಗಾರನೊಬ್ಬನನ್ನು ಕಟ್ಟಿಕೊಂಡು, ಕಾಶಿಯಲ್ಲಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಮಾಡುತ್ತೇನೆಂದು ಮನೆ ಬಿಟ್ಟು ಹೊರಟ. ದಾರಿಯಲ್ಲಿಯೇ ಸಿಕ್ಕಿಬಿದ್ದು ಮನೆಗೆ ಮರಳಿದ. ಮಗ ಓದಲೇಬೇಕೆಂದು ತಾಯಿ ಪಟ್ಟು ಹಿಡಿದರು.

ಓದು ಸುಲಭವಾಗಿ ಒಲಿಯಲಿಲ್ಲ. ಮನೆಯಲ್ಲಿ ಒಂದರ ಮೇಲೊಂದು ಸಾವು, ಕೈಯಲ್ಲಿ ಕಾಸಿಲ್ಲ. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಯಿತು. ತಾಯಿ ತಮ್ಮ ಒಡವೆ ಮಾರಿ ಮಗನನ್ನು ಮದರಾಸಿಗೆ ಕಳುಹಿಸಿದರು. ಅಲ್ಲಿನ ಹಿಂದೂ ಹೈಸ್ಕೂಲಿನಿಂದ, ಮೂರನೆಯ ಪ್ರಯತ್ನದಲ್ಲಿ, ಅವರು ಪಾಸಾದರು. ಮುಂದೆ ಜೀವಕೋಶದ ಗುಟ್ಟುಗಳನ್ನು ಲೋಕಕ್ಕೆ ಬಿಡಿಸಿ ತೋರಿಸಿದ ಮಹನೀಯರ ಮೊದಲ ಅಂಕಪಟ್ಟಿಗಳು ಹೀಗಿದ್ದವೆಂಬುದನ್ನು, ಫಲಿತಾಂಶದ ಹಲಗೆಯ ಮುಂದೆ ತಲೆ ತಗ್ಗಿಸಿ ನಿಲ್ಲುವ ನಮ್ಮ ಮಿತ್ರರು ಜ್ಞಾಪಕದಲ್ಲಿಡಬೇಕು.

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿದ ತರುಣನಿಗೆ ಸಂನ್ಯಾಸದ ಹಂಬಲ ಹತ್ತಿತು. ರಾಮಕೃಷ್ಣ ಮಠಕ್ಕೆ ಸೇರಬೇಕೆಂದು ಹೊರಟರು. ತಾಯಿ ಸುತರಾಂ ಒಪ್ಪಲಿಲ್ಲ. ವೈದ್ಯನಾಗಿಯೂ ಜನಸೇವೆ ಮಾಡಬಹುದಲ್ಲ ಎಂದು ಮಠದ ಸ್ವಾಮಿಗಳೇ ಬುದ್ಧಿ ಹೇಳಿದರು. ಹೀಗೆ ಸುಬ್ಬರಾಯರು ಮದರಾಸಿನ ಮೆಡಿಕಲ್ ಕಾಲೇಜು ಸೇರಿದರು. 1919ರಲ್ಲಿ ಶೇಷಗಿರಿ ಎಂಬ ಕನ್ಯೆಯೊಡನೆ ಅವರ ವಿವಾಹವಾಯಿತು. ಓದಿನ ಖರ್ಚಿಗೆ ಮಾವ ಕಸ್ತೂರಿ ಸೂರ್ಯನಾರಾಯಣ ಮೂರ್ತಿಯವರು ಹೆಗಲು ಕೊಟ್ಟರು.

ಆ ದಿನಗಳಲ್ಲಿ ಅವರ ಸಂಸಾರಕ್ಕೆ ದೊಡ್ಡ ಆಘಾತ ಬಂದೆರಗಿತು. ಇಬ್ಬರು ಸೋದರರು ಸ್ವಲ್ಪ ಕಾಲದ ಅಂತರದಲ್ಲಿ ತೀರಿಕೊಂಡರು. ಸ್ಪ್ರೂ ಎಂಬುದು ಉಷ್ಣವಲಯದ ಒಂದು ಕಾಯಿಲೆ. ತಿಂದದ್ದು ಮೈಗೆ ಹತ್ತದೆ, ನಾಲಗೆ ಹುಣ್ಣಾಗಿ, ಭೇದಿಯಿಂದ ಸೊರಗಿ, ರಕ್ತ ಬತ್ತಿ ರೋಗಿ ಸಾಯುತ್ತಾನೆ. ಸೋದರ ಪುರುಷೋತ್ತಮನನ್ನು ಅದೇ ಕಾಯಿಲೆ ನುಂಗಿತು. ವೈದ್ಯ ವಿದ್ಯಾರ್ಥಿಯಾದ ಸೋದರನ ಕೈಯಲ್ಲಿ ಅದಕ್ಕೆ ಮದ್ದಿರಲಿಲ್ಲ. ಯಾರ ಕೈಯಲ್ಲಿಯೂ ಇರಲಿಲ್ಲ.

ಗಾಂಧೀಜಿಯವರ ಕರೆಗೆ ಓಗೊಟ್ಟು ಸುಬ್ಬರಾಯರು ಶಸ್ತ್ರಚಿಕಿತ್ಸೆಯ ಕೊಠಡಿಗೂ ಖಾದಿಯ ನಿಲುವಂಗಿ ತೊಟ್ಟು ಹೋಗುತ್ತಿದ್ದರು. ಇದು ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕ ಬ್ರಾಡ್‌ಫೀಲ್ಡ್ ಅವರಿಗೆ ಸರಿಬೀಳಲಿಲ್ಲ. ಲಿಖಿತ ಪರೀಕ್ಷೆಗಳಲ್ಲಿ ಚೆನ್ನಾಗಿ ಬರೆದಿದ್ದರೂ ಸುಬ್ಬರಾಯರಿಗೆ ಕೊನೆಗೆ ದೊರೆತದ್ದು ಎಂ.ಬಿ.ಬಿ.ಎಸ್. ಪದವಿಯಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಮಾತ್ರ. ಮದರಾಸಿನ ಸರ್ಕಾರಿ ವೈದ್ಯಸೇವೆಗೆ ಯತ್ನಿಸಿದರು, ಅದೂ ಕೈಗೂಡಲಿಲ್ಲ. ಆಗ ಡಾ. ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಉಪನ್ಯಾಸಕರಾದರು. ನಮ್ಮ ಮೂಲಿಕೆಗಳ ಗುಣವನ್ನು ಹೊಸ ವಿಜ್ಞಾನದ ಒರೆಗಲ್ಲಿಗೆ ಹಚ್ಚಿ ನೋಡಬೇಕೆಂಬ ಆಸೆ ಅಲ್ಲಿ ಮೊಳೆಯಿತು. ಅದಕ್ಕೆ ಬೇಕಾದ ವಿದ್ಯೆ ಅಮೆರಿಕದಲ್ಲಿತ್ತು.

ಕಾಕಿನಾಡದ ಒಂದು ಧರ್ಮಸಂಸ್ಥೆ ನೆರವಿನ ಭರವಸೆ ಕೊಟ್ಟಿತು. ಮಾವನವರು ಹಣ ಕೂಡಿಸಿದರು. 1920ರ ದಶಕದ ಆರಂಭದಲ್ಲಿ ಸುಬ್ಬರಾಯರು ಹಡಗು ಹತ್ತಿ ಬಾಸ್ಟನ್ ನಗರ ತಲುಪಿದರು. ಕಿಸೆ ಹೆಚ್ಚುಕಡಮೆ ಬರಿದಾಗಿತ್ತು. ಹಗಲು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಉಷ್ಣವಲಯದ ರೋಗಗಳ ಅಧ್ಯಯನ. ರಾತ್ರಿ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ಎತ್ತಿ ತೊಳೆಯುವ ಚಾಕರಿ. ತಮ್ಮ ದೇಶದಲ್ಲಿ ವೈದ್ಯರಾಗಿ ಕಾಲೇಜಿನಲ್ಲಿ ಪಾಠ ಹೇಳಿದವರು ಅವರು. ಆದರೂ ಆ ಕೆಲಸಕ್ಕೆ ಅವರು ಹೇಸಲಿಲ್ಲ.

ಡಿಪ್ಲೊಮಾ ಮುಗಿದ ಮೇಲೆ ಹಾರ್ವರ್ಡಿನ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕ್ ಎಂಬ ವಿಜ್ಞಾನಿಯ ಕೈಕೆಳಗೆ ಕೆಲಸಕ್ಕೆ ನಿಂತರು. ಅಲ್ಲಿ ಅವರಿಗೆ ಒಪ್ಪಿಸಿದ ಕೆಲಸ ಮೇಲುನೋಟಕ್ಕೆ ತೀರ ಸಣ್ಣದು. ರಕ್ತದಲ್ಲಿ, ಮಾಂಸಖಂಡದಲ್ಲಿ ಫಾಸ್ಫರಸ್, ಎಂದರೆ ನಮ್ಮ ಪಠ್ಯಪುಸ್ತಕಗಳ ರಂಜಕ, ಎಷ್ಟಿದೆ ಎಂದು ಅಳೆಯಬೇಕು. ಸುಬ್ಬರಾಯರು ಇದಕ್ಕೊಂದು ಸೊಗಸಾದ ಉಪಾಯ ಮಾಡಿದರು. ರಂಜಕವಿರುವ ದ್ರವಕ್ಕೆ ಮಾಲಿಬ್ಡೇಟ್ ಎಂಬ ಲವಣವನ್ನೂ ಇನ್ನೊಂದು ರಾಸಾಯನಿಕವನ್ನೂ ಬೆರೆಸಿದರೆ ನೀಲಿ ಬಣ್ಣ ಬರುತ್ತದೆ. ರಂಜಕ ಹೆಚ್ಚಿದ್ದಷ್ಟೂ ನೀಲಿ ಗಾಢ. ಬಣ್ಣವನ್ನು ಹೋಲಿಸಿ ನೋಡಿದರೆ ಲೆಕ್ಕ ಕೈಗೆ ಬಂದಂತೆ. 1925ರಲ್ಲಿ ಪ್ರಕಟವಾದ ಈ ಕ್ರಮಕ್ಕೆ ಫಿಸ್ಕ್-ಸುಬ್ಬರಾವ್ ವಿಧಾನ ಎಂದು ಹೆಸರು. ನೂರು ವರ್ಷ ಸಂದರೂ ಜೀವರಸಾಯನಶಾಸ್ತ್ರದ ಪಾಠಗಳಲ್ಲಿ ಅದು ಉಳಿದಿದೆ.

ಒಳ್ಳೆಯ ತಕ್ಕಡಿ ಸಿಕ್ಕಿದ ಮೇಲೆ ಹೊಸ ವಸ್ತುಗಳು ತಾವಾಗಿ ಕಣ್ಣಿಗೆ ಬಿದ್ದವು. 1927ರಲ್ಲಿ ಮಾಂಸಖಂಡದೊಳಗೆ ಫಾಸ್ಫೊಕ್ರಿಯಾಟಿನ್ ಎಂಬ ವಸ್ತುವನ್ನು ಕಂಡರು. 1929ರಲ್ಲಿ ಅಡೆನೊಸಿನ್ ಟ್ರೈಫಾಸ್ಫೇಟ್ ಎಂಬುದನ್ನು ಬೇರ್ಪಡಿಸಿದರು. ಸಂಕ್ಷೇಪವಾಗಿ ಇದನ್ನು ಎ.ಟಿ.ಪಿ. ಎನ್ನುತ್ತಾರೆ. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಎಂಬವರೂ ಸ್ವತಂತ್ರವಾಗಿ ಇದನ್ನು ಕಂಡರು. ಈ ಎ.ಟಿ.ಪಿ. ಜೀವಲೋಕದ ಚಲಾವಣೆಯ ನಾಣ್ಯ. ನಾವು ಉಂಡ ಅನ್ನದ ಶಕ್ತಿ ಮೊದಲು ಈ ನಾಣ್ಯವಾಗಿ ಮಾರ್ಪಡುತ್ತದೆ. ಆಮೇಲೆ ಕೈ ಎತ್ತುವುದಕ್ಕೂ, ಹೃದಯ ಮಿಡಿಯುವುದಕ್ಕೂ, ಈ ಸಾಲು ಓದುವುದಕ್ಕೂ ಖರ್ಚಾಗುತ್ತದೆ. ಖರ್ಚೆಂದರೆ ಅದರಿಂದ ಒಂದು ಫಾಸ್ಫೇಟ್ ಕಳಚಿಕೊಳ್ಳುವುದು, ಅಷ್ಟೇ.

1930ರಲ್ಲಿ ಸುಬ್ಬರಾಯರಿಗೆ ಪಿಎಚ್.ಡಿ. ದೊರೆಯಿತು. ಆದರೆ ಖಾಯಂ ಪ್ರಾಧ್ಯಾಪಕ ಹುದ್ದೆ ದೊರೆಯಲಿಲ್ಲ. ಅದೇ ಪ್ರಯೋಗಶಾಲೆಯಲ್ಲಿ ಆಗ ವಿದ್ಯಾರ್ಥಿಯಾಗಿದ್ದು 1988ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಜಾರ್ಜ್ ಹಿಚಿಂಗ್ಸ್ ಅವರು, ಸುಬ್ಬರಾಯರು ಬೇರ್ಪಡಿಸಿದ್ದ ಕೆಲವು ವಸ್ತುಗಳು ಮೇಲಿನವರ ಅಸೂಯೆಯಿಂದ ಬೆಳಕಿಗೆ ಬರದೆ, ಹಲವು ವರ್ಷಗಳ ಅನಂತರ ಬೇರೆಯವರು ಮತ್ತೆ ಕಂಡುಹಿಡಿಯಬೇಕಾಯಿತೆಂದು ಹೇಳಿದ್ದಾರೆ. ಸ್ವತಃ ಸುಬ್ಬರಾಯರು ತಮ್ಮ ಹೆಸರಿಗಾಗಿ ಕಾದಾಡಿದವರಲ್ಲ.

1940ರಲ್ಲಿ ಅವರು ಹಾರ್ವರ್ಡ್ ಬಿಟ್ಟು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್ ಎಂಬ ಊರಿನಲ್ಲಿದ್ದ ಲೆಡರ್ಲಿ ಔಷಧ ಕಂಪನಿಯ ಪ್ರಯೋಗಶಾಲೆಗೆ ಸೇರಿದರು. ಬೇಗನೆ ಅದರ ಸಂಶೋಧನಾ ವಿಭಾಗದ ಮುಖ್ಯಸ್ಥರಾದರು. ಸೋದರನನ್ನು ಕೊಂದ ಕಾಯಿಲೆಯ ಮದ್ದನ್ನು ಹುಡುಕುವ ಅವಕಾಶ ಈಗ ಒದಗಿತು.

ಇಲ್ಲಿ ನಾವು ಸ್ವಲ್ಪ ಹಿಂದೆ, ಮುಂಬಯಿಗೆ ಹೋಗಬೇಕು. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಅಲ್ಲಿಗೆ ಬಂದು, ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ಒಂದು ಬಗೆಯ ರಕ್ತಹೀನತೆಯನ್ನು ಪರೀಕ್ಷಿಸಿದರು. ಆ ಸ್ತ್ರೀಯರಲ್ಲಿ ಅನೇಕರು ಬಟ್ಟೆ ಗಿರಣಿಗಳಲ್ಲಿ ದುಡಿಯುವವರು. ಈಸ್ಟಿನ ಸಾರ ಕೊಟ್ಟರೆ ಅವರು ಚೇತರಿಸಿಕೊಳ್ಳುತ್ತಿದ್ದರು. ಆ ಸಾರದಲ್ಲಿ ಏನೋ ಇದೆ ಎಂದಷ್ಟೇ ಆಗ ಗೊತ್ತಾಯಿತು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಅಂಥ ವಸ್ತುವನ್ನು ಸಂಗ್ರಹಿಸಿ, ಎಲೆಯೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಫೋಲಿಕ್ ಆಮ್ಲ ಎಂದು ಹೆಸರಿಟ್ಟರು. ಆದರೆ ರಾಶಿ ಸೊಪ್ಪು ಅರೆದರೆ ಸಿಕ್ಕುವುದು ಚಿಟಿಕೆಯಷ್ಟೂ ಇಲ್ಲ. ಅದರ ರಚನೆಯೂ ತಿಳಿಯದು. ಸುಬ್ಬರಾಯರು ತಮ್ಮ ಸಂಗಡಿಗರ ದೊಡ್ಡ ತಂಡವನ್ನು ಈ ಕೆಲಸಕ್ಕೆ ಹಚ್ಚಿದರು. 1945ರಲ್ಲಿ ಫೋಲಿಕ್ ಆಮ್ಲದ ರಚನೆ ಬಿಡಿಸಿತು; ಪ್ರಯೋಗಶಾಲೆಯಲ್ಲಿ ಅದನ್ನು ತಯಾರಿಸುವ ದಾರಿಯೂ ತೆರೆಯಿತು. ಬೇಗನೆ ಸ್ಪ್ರೂ ರೋಗಿಗಳಿಗೆ ಅದನ್ನು ಕೊಟ್ಟು ನೋಡಿದರು. ಸೊರಗಿದವರು ಎದ್ದು ಕುಳಿತರು. ಸೋದರ ಸತ್ತು ಸುಮಾರು ಕಾಲು ಶತಮಾನವಾದ ಮೇಲೆ ಆ ಮದ್ದು ಸಿಕ್ಕಿತು. ಇಂದು ನಮ್ಮ ಆಶಾ ಕಾರ್ಯಕರ್ತೆಯರು ಗರ್ಭಿಣಿಯರ ಕೈಗಿಡುವ ಕಬ್ಬಿಣದ ಗುಳಿಗೆಯಲ್ಲಿ ಇದೇ ಫೋಲಿಕ್ ಆಮ್ಲ ಇದೆ. ಪ್ರೌಢಶಾಲೆಯಲ್ಲಿ ವಾರಕ್ಕೊಮ್ಮೆ ಮೇಷ್ಟರು ಎದುರಿಗೆ ನಿಂತು ನುಂಗಿಸುತ್ತಿದ್ದ ನೀಲಿ ಗುಳಿಗೆಯ ರುಚಿ ನಮ್ಮಲ್ಲಿ ಅನೇಕರ ನಾಲಗೆಗೆ ನೆನಪಿರಬೇಕು. ಅದರೊಳಗಿದ್ದುದೂ ಇದೇ.

ಈಗ ಕಥೆಯ ಮುಖ್ಯ ಭಾಗಕ್ಕೆ ಬರುತ್ತೇನೆ. ನಮ್ಮ ಎಲುಬಿನ ಮಜ್ಜೆಯಲ್ಲಿ ರಕ್ತಕಣಗಳು ಹುಟ್ಟುತ್ತವೆ. ಅವುಗಳಲ್ಲಿ ಬಿಳಿಯ ಕಣಗಳು ದೇಹದ ಕಾವಲುಗಾರರು. ಕೆಲವೊಮ್ಮೆ ಈ ಬಿಳಿಯ ಕಣಗಳ ಒಂದು ವಂಶ ಅಂಕೆ ತಪ್ಪಿ, ಬಲಿಯುವ ಮೊದಲೇ ಬೇಕಾಬಿಟ್ಟಿಯಾಗಿ ಹೆಚ್ಚುತ್ತ ಹೋಗಿ, ಉಳಿದ ಕಣಗಳಿಗೆ ಜಾಗವಿಲ್ಲದಂತೆ ಮಾಡುತ್ತದೆ. ಇದೇ ಲ್ಯುಕೇಮಿಯಾ, ರಕ್ತದ ಕ್ಯಾನ್ಸರು. 1947ಕ್ಕೆ ಮುಂಚೆ ಈ ರೋಗ ಹತ್ತಿದ ಮಗು ಕೆಲವು ವಾರ ಅಥವಾ ತಿಂಗಳುಗಳಲ್ಲಿ ಸಾಯುವುದು ಖಂಡಿತವಾಗಿತ್ತು.

ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್ ಎಂಬ ವೈದ್ಯರು ಲೆಡರ್ಲಿಯಿಂದ ಬಂದ ಫೋಲಿಕ್ ಆಮ್ಲದ ರೂಪಗಳನ್ನು ಇಂಥ ಮಕ್ಕಳಿಗೆ ಕೊಟ್ಟು ನೋಡಿದರು. ಗುಣವಾಗುವುದರ ಬದಲು ರೋಗದ ಕಣಗಳು ಇನ್ನೂ ವೇಗವಾಗಿ ಬೆಳೆದಂತೆ ಕಂಡಿತು. ಬೇರೊಬ್ಬರಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರು. ಫಾರ್ಬರರು ಅದನ್ನು ತಿರುಗಿಸಿ ಯೋಚಿಸಿದರು: ಯಾವ ಆಹಾರದಿಂದ ಈ ಕಣಗಳು ಕೊಬ್ಬುತ್ತವೆಯೋ ಅದನ್ನು ತಪ್ಪಿಸಿದರೆ ಅವು ಸೊರಗಬೇಕಲ್ಲವೆ? ಸುಬ್ಬರಾಯರ ತಂಡ ಫೋಲಿಕ್ ಆಮ್ಲವನ್ನೇ ಹೋಲುವ, ಆದರೆ ಒಂದು ಮೂಲೆಯಲ್ಲಿ ಮಾತ್ರ ಬೇರೆಯಾದ ಅಮಿನಾಪ್ಟೆರಿನ್ ಎಂಬ ವಸ್ತುವನ್ನು ಒದಗಿಸಿತು. ಅದು ಕಳ್ಳ ಬೀಗದ ಕೈ ಇದ್ದಂತೆ; ಬೀಗದೊಳಗೆ ಹೋಗುತ್ತದೆ, ತಿರುಗುವುದಿಲ್ಲ, ನಿಜವಾದ ಕೀಲಿಗೂ ಜಾಗ ಬಿಡುವುದಿಲ್ಲ. ಹೊಸ ಕೋಶ ಕಟ್ಟಲು ಬೇಕಾದ ಸಾಮಗ್ರಿ ಅಲ್ಲಿಗೆ ನಿಲ್ಲುತ್ತದೆ. 1947ರ ಕೊನೆಯಲ್ಲಿ ಚಿಕಿತ್ಸೆ ಆರಂಭವಾಯಿತು. ಫಾರ್ಬರರ ವರದಿ 1948ರ ಜೂನ್‌ನಲ್ಲಿ ಹೊರಬಂತು. ಅದರ ಪ್ರಕಾರ ಹದಿನಾರು ಮಕ್ಕಳಲ್ಲಿ ಹತ್ತು ಮಕ್ಕಳು ಚೇತರಿಸಿಕೊಂಡಿದ್ದರು. ಆ ಚೇತರಿಕೆ ತಾತ್ಕಾಲಿಕವಾಗಿತ್ತು. ರೋಗ ಮರಳಿ ಬಂತು. ಆದರೂ ಲ್ಯುಕೇಮಿಯಾ ಒಮ್ಮೆ ಹಿಮ್ಮೆಟ್ಟಿತೆಂಬುದೇ ಆಗ ದೊಡ್ಡ ಸುದ್ದಿ. ಅಮಿನಾಪ್ಟೆರಿನ್ನಿನ ತಂಗಿಯಂತಿರುವ ಮೆಥೊಟ್ರೆಕ್ಸೇಟ್ ಇಂದಿಗೂ ಮಕ್ಕಳ ಲ್ಯುಕೇಮಿಯಾ ಚಿಕಿತ್ಸೆಯ ಒಂದು ಕಂಬವಾಗಿದೆ. ಅನುಕೂಲವಿರುವ ದೇಶಗಳಲ್ಲಿ ಮಕ್ಕಳನ್ನು ಹೆಚ್ಚಾಗಿ ಹಿಡಿಯುವ ಬಗೆಯ ಲ್ಯುಕೇಮಿಯಾದಲ್ಲಿ ಇಂದು ನೂರಕ್ಕೆ ಸುಮಾರು ತೊಂಬತ್ತು ಮಕ್ಕಳು ಬದುಕುತ್ತಾರೆ.

ಸುಬ್ಬರಾಯರ ಎರಡು ಕೆಲಸಗಳು, ಯೌವನದಲ್ಲಿ ಅಳೆದ ರಂಜಕ ಮತ್ತು ಕೊನೆಯ ವರ್ಷಗಳ ಫೋಲಿಕ್ ಆಮ್ಲ, ಒಂದಕ್ಕೊಂದು ಸಂಬಂಧವಿಲ್ಲದವೆಂದು ನಾನು ಮೊದಲು ಓದುವಾಗ ಅನ್ನಿಸಿತ್ತು. ಅವೆರಡೂ ಲ್ಯುಕೇಮಿಯಾದ ಕೋಶದೊಳಗೇ ಸಂಧಿಸುತ್ತವೆಂಬುದು ಅವರು ಸತ್ತ ಎಷ್ಟೋ ವರ್ಷಗಳ ಮೇಲೆ ತಿಳಿದುಬಂತು. ಇದನ್ನು ನನಗೆ ಅರ್ಥವಾದಷ್ಟು ವಿವರಿಸುತ್ತೇನೆ.

ದೇಹದ ಕಾವಲುಗಾರ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಸಣ್ಣ ಸಣ್ಣ ಪ್ರೋಟೀನುಗಳನ್ನು ಹೊರಬಿಡುತ್ತವೆ. ಇವಕ್ಕೆ ಸೈಟೊಕೈನ್ ಎಂದು ಹೆಸರು. ಹೆಸರು ಹುಟ್ಟಿದ್ದು 1974ರಲ್ಲಿ. ಊರಿನಲ್ಲಿ ಡಂಗುರ ಸಾರಿದಂತೆ ಇವು ಶತ್ರು ಬಂತು ಎಂದೋ, ಹೆಚ್ಚಿರಿ ಎಂದೋ, ಸಾಕು ನಿಲ್ಲಿಸಿ ಎಂದೋ ಸಾರುತ್ತವೆ. ಈ ಡಂಗುರ ಯಾವಾಗ ಹೊರಡಬೇಕೆಂದು ನಿರ್ಧರಿಸುವುದು ಕೋಶದೊಳಗಿನ ಒಂದು ಕಚೇರಿ. ಕೋಶದ ಗೋಡೆಯ ಮೇಲಿರುವ ಗ್ರಾಹಕವೆಂಬ ಕಿವಿಗೆ ರೋಗಾಣುವಿನ ಸುಳಿವು ತಗುಲಿದ ಕೂಡಲೆ ಒಳಗಿನ ಕಿಣ್ವವೊಂದು ಎ.ಟಿ.ಪಿ.ಯಿಂದ ಫಾಸ್ಫೇಟನ್ನು ಕಿತ್ತು ಮುಂದಿನ ಪ್ರೋಟೀನಿಗೆ ಅಂಟಿಸುತ್ತದೆ. ಅದು ಅದರ ಮುಂದಿನದಕ್ಕೆ. ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಮೇಜಿನಿಂದ ಮೇಜಿಗೆ ಹೋಗುವಾಗ ಒಂದೊಂದು ಮೇಜಿನಲ್ಲೂ ಮೊಹರು ಬೀಳುವಂತೆ ಇದು. ಎನ್‌ಎಫ್-ಕಪ್ಪಾ-ಬಿ ಎಂಬ ಅಧಿಕಾರಿಯನ್ನು ಸಾಮಾನ್ಯವಾಗಿ ಒಬ್ಬ ಕಾವಲುಗಾರ ತಡೆದು ಹಿಡಿದಿರುತ್ತಾನೆ. ಆ ಕಾವಲುಗಾರನ ಮೇಲೆ ಫಾಸ್ಫೇಟಿನ ಮೊಹರು ಬಿದ್ದರೆ ಅವನ ಕಥೆ ಮುಗಿಯುತ್ತದೆ. ಅಧಿಕಾರಿ ಕೋಶಕೇಂದ್ರವನ್ನು ಹೊಕ್ಕು ಸೈಟೊಕೈನ್ ತಯಾರಿಸಲು ಅಪ್ಪಣೆ ಕೊಡುತ್ತಾನೆ. ಮೊಹರನ್ನು ಅಳಿಸುವ ಕಿಣ್ವಗಳೂ, ಡಂಗುರವನ್ನು ತಗ್ಗಿಸುವ ಪ್ರೋಟೀನುಗಳೂ ಇವೆ. ಅವಿಲ್ಲದಿದ್ದರೆ ಕಾವಲುಗಾರರ ಗದ್ದಲದಿಂದಲೇ ಮನೆ ಹಾಳಾದೀತು.

ಲ್ಯುಕೇಮಿಯಾದಲ್ಲಿ ಕೆಡುವುದು ಬಹಳ ಮಟ್ಟಿಗೆ ಈ ಕಚೇರಿಯೇ. ಒಂದು ಬಗೆಯಲ್ಲಿ, ಮುರಿದು ತಪ್ಪಾಗಿ ಕೂಡಿಕೊಂಡ ವರ್ಣತಂತುಗಳಿಂದ ಹುಟ್ಟಿದ ಕಿಣ್ವವೊಂದು ಯಾರ ಅಪ್ಪಣೆಯೂ ಇಲ್ಲದೆ ಹಗಲಿರುಳು ಮೊಹರು ಒತ್ತುತ್ತಲೇ ಇರುತ್ತದೆ. ಆ ಕಿಣ್ವದಲ್ಲಿ ಎ.ಟಿ.ಪಿ. ಬಂದು ಕೂರುವ ಗೂಡನ್ನೇ ಆಕ್ರಮಿಸಿಕೊಳ್ಳುವ ಇಮಾಟಿನಿಬ್ ಎಂಬ ಗುಳಿಗೆ 2001ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಇನ್ನು ಕೆಲವು ರೋಗಿಗಳ ಕಣಗಳು ಬೆಳವಣಿಗೆಯ ಸೈಟೊಕೈನನ್ನು ತಾವೇ ತಯಾರಿಸಿ, ತಾವೇ ಅದಕ್ಕೆ ಕಿವಿಗೊಟ್ಟು ಹೆಚ್ಚುತ್ತವೆ; ತಾನೇ ಡಂಗುರ ಹೊಡೆದು ತಾನೇ ಕುಣಿದಂತೆ. 1980ರಲ್ಲಿ ಜಪಾನಿನ ವೈದ್ಯರು ಈ ರೋಗ ಹತ್ತಿದ ಒಂದು ವರ್ಷದ ಗಂಡುಮಗುವಿನ ರಕ್ತದಿಂದ ಬೆಳೆಸಿದ ಕೋಶಗಳಿಗೆ ಟಿಎಚ್‌ಪಿ-1 ಎಂದು ಹೆಸರು. ಆ ಕೋಶಗಳ ಸಂತತಿ ಇಂದಿಗೂ ಜಗತ್ತಿನ ಪ್ರಯೋಗಶಾಲೆಗಳಲ್ಲಿ ಜೀವಂತವಾಗಿದೆ. ಯಾವ ಮೊಹರು ಒತ್ತಿದರೆ ಯಾವ ಸೈಟೊಕೈನ್ ಹೊರಡುತ್ತದೆಂದು ಸಂಶೋಧಕರು ಅವುಗಳಲ್ಲಿಯೇ ಪರೀಕ್ಷಿಸುತ್ತಾರೆ. ಹೆಸರು ತಿಳಿಯದ ಆ ಶಿಶುವಿಗೂ ಲೋಕ ಋಣಿ.

ಇನ್ನು ಮೆಥೊಟ್ರೆಕ್ಸೇಟಿನ ಪಾತ್ರ. ಕೀಲುಗಳು ಊದಿ ನೋಯುವ ರುಮಟಾಯ್ಡ್ ಸಂಧಿವಾತಕ್ಕೆ ಇದೇ ಮದ್ದನ್ನು ಬಹಳ ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. 1988ರಲ್ಲಿ ಅಮೆರಿಕದ ಸರ್ಕಾರ ಅದಕ್ಕೆ ಒಪ್ಪಿಗೆ ಕೊಟ್ಟಿತು. ಅಲ್ಲಿ ಅದು ಕೆಲಸ ಮಾಡುವ ಒಂದು ಮುಖ್ಯ ಬಗೆಯನ್ನು ಸಂಶೋಧಕರು ಹೀಗೆ ತಿಳಿಸುತ್ತಾರೆ: ಈ ಮದ್ದಿನಿಂದ ಕೋಶಗಳ ಹೊರಗೆ ಅಡೆನೊಸಿನ್ ಹೆಚ್ಚುತ್ತದೆ, ಅದು ಬಿಳಿಯ ಕಣಗಳ ಕಿವಿಗೆ ತಗುಲಿ ಸೈಟೊಕೈನ್ ತಯಾರಿಕೆಯನ್ನು ತಗ್ಗಿಸುತ್ತದೆ. ಅಡೆನೊಸಿನ್ ಎಂದರೇನು? 1929ರಲ್ಲಿ ಸುಬ್ಬರಾಯರು ಬೇರ್ಪಡಿಸಿದ ಎ.ಟಿ.ಪಿ.ಯಿಂದ ಮೂರು ಫಾಸ್ಫೇಟುಗಳನ್ನೂ ಕಳಚಿದರೆ ಉಳಿಯುವುದೇ ಅದು. ಇಷ್ಟೇ ಅಲ್ಲ. 2015ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನ ಸಂಶೋಧಕರು, ಸೈಟೊಕೈನಿನ ಸುದ್ದಿಯನ್ನು ಕೋಶಕೇಂದ್ರಕ್ಕೆ ಒಯ್ಯುವ ಜ್ಯಾಕ್-ಸ್ಟ್ಯಾಟ್ ಎಂಬ ಮೊಹರಿನ ಸರಪಳಿಯನ್ನೂ ಮೆಥೊಟ್ರೆಕ್ಸೇಟ್ ಹತ್ತಿಕ್ಕುತ್ತದೆಂದು ರಕ್ತದ ಕ್ಯಾನ್ಸರಿನ ಕೋಶಗಳಲ್ಲಿ ತೋರಿಸಿದರು. ಹೀಗೆ ಒಬ್ಬ ಮನುಷ್ಯ ತನ್ನ ಬಾಳಿನ ಎರಡು ತುದಿಗಳಲ್ಲಿ ನೆಟ್ಟ ಎರಡು ಗಿಡಗಳ ಬೇರುಗಳು ನೆಲದೊಳಗೆ ಹೆಣೆದುಕೊಂಡಿದ್ದವು. ನೆಟ್ಟವರಿಗೆ ಅದನ್ನು ನೋಡುವ ಭಾಗ್ಯವಿರಲಿಲ್ಲ.

ಅವರ ಮುಂದಾಳುತನದಲ್ಲಿ ಲೆಡರ್ಲಿಯಿಂದ ಬಂದ ಇನ್ನೂ ಎರಡು ಮದ್ದುಗಳನ್ನು ಹೇಳದಿರುವಂತಿಲ್ಲ. ಮಣ್ಣಿನ ಸೂಕ್ಷ್ಮಜೀವಿಯಿಂದ ಬೆಂಜಮಿನ್ ಡಗ್ಗರ್ ಅವರು ಪಡೆದ ಆರಿಯೊಮೈಸಿನ್, ಟೆಟ್ರಾಸೈಕ್ಲಿನ್ ಎಂಬ ಔಷಧಗಳ ವಂಶಕ್ಕೆ ಹಿರಿಯಣ್ಣ; ಅದು 1948ರಲ್ಲಿ ಲೋಕಕ್ಕೆ ತಿಳಿಯಿತು. 1947ರಲ್ಲಿ ಬೆಳಕು ಕಂಡ ಹೆಟ್ರಜಾನ್, ಎಂದರೆ ಡಿ.ಇ.ಸಿ., ಆನೆಕಾಲು ರೋಗದ ಮದ್ದು. ನಮ್ಮ ರಾಜ್ಯದ ಕರಾವಳಿಯಲ್ಲಿಯೂ, ಕಲಬುರಗಿ, ಬೀದರ, ರಾಯಚೂರುಗಳ ಕಡೆಯೂ ಆ ರೋಗ ಬಹುಕಾಲದಿಂದ ಬೇರೂರಿತ್ತು. 2004ರಿಂದ ಸರ್ಕಾರದವರು ಮನೆಮನೆಗೆ ಬಂದು ಹಂಚಿದ ಗುಳಿಗೆ ಇದೇ ಡಿ.ಇ.ಸಿ. ಅದನ್ನು ನುಂಗಿದ ನಮ್ಮ ಜನಕ್ಕೆ ಸುಬ್ಬರಾಯರ ಹೆಸರು ಗೊತ್ತಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯಿದೆ. ಇಲ್ಲಿ ಮದ್ದು ಮನೆಗೆ ಬಂತು, ಗಿಡದ ಹೆಸರು ಮಾತ್ರ ಬರಲಿಲ್ಲ.

1948ರ ಆಗಸ್ಟ್ 8ರಂದು ಸುಬ್ಬರಾಯರು ನಿದ್ರೆಯಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರ ವಯಸ್ಸು ಐವತ್ತಮೂರು. ಭಾರತೀಯರೂ ಪೌರತ್ವ ಪಡೆಯಬಹುದೆಂದು ಅಮೆರಿಕ 1946ರಲ್ಲಿ ಕಾನೂನು ಮಾಡಿದ್ದರೂ ಅವರು ಆ ದೇಶದ ಪೌರರಾಗದೆಯೇ ಉಳಿದರು. ಫಾರ್ಬರರ ವರದಿ ಹೊರಬಂದು ಆಗಿನ್ನೂ ಎರಡು ತಿಂಗಳಾಗಿತ್ತು. 1995ರಲ್ಲಿ, ಅವರು ಹುಟ್ಟಿ ನೂರು ವರ್ಷ ತುಂಬಿದಾಗ, ಭಾರತ ಸರ್ಕಾರ ಅವರ ಚಿತ್ರದ ಅಂಚೆಚೀಟಿಯನ್ನು ಹೊರಡಿಸಿತು.

ಈಗ ನಾನು ಮೊದಲು ಹೇಳಿದ ಪ್ರಶ್ನೆಗೆ ಬರುತ್ತೇನೆ. ಹಡಗು ಹತ್ತಿದ ಮೇಲೆ ಸುಬ್ಬರಾಯರು ಮರಳಿ ಭಾರತಕ್ಕೆ ಬರಲಿಲ್ಲ. ಒಡವೆ ಮಾರಿದ ತಾಯಿಯನ್ನು ಮತ್ತೆ ನೋಡಲಿಲ್ಲ. ಕೈಹಿಡಿದ ಶೇಷಗಿರಿಯಮ್ಮನವರು ಕಾದರು, ಕಾದೇ ಇದ್ದರು. ಅವರ ಪಾಲಿಗೆ ಮಹಾವಿಜ್ಞಾನಿ ಎಂದರೆ ದೂರದ ಒಂದು ಹೆಸರು, ಅಷ್ಟೇ. ಜೀವನಚರಿತ್ರೆ ಬರೆಯುವವರು ಈ ಭಾಗವನ್ನು ಒಂದೆರಡು ಸಾಲಿನಲ್ಲಿ ದಾಟಿಬಿಡುವುದುಂಟು. ನನಗೆ ದಾಟಲು ಸಾಧ್ಯವಾಗಲಿಲ್ಲ. ನಮ್ಮ ಮನೆಯಲ್ಲಿ ನನ್ನ ಕಾಲೇಜಿನ ಮೊದಲ ವರ್ಷಕ್ಕೆ ಎರಡು ಕುರಿ ಮಾರಿದರು; ಅಕ್ಕ ಏಳನೆಯ ತರಗತಿಗೇ ಶಾಲೆ ಬಿಟ್ಟು ಹೊಲದ ಕೆಲಸಕ್ಕೆ ಹೋದಳು. ಈ ಕಾಲೇಜಿನ ಬೆಂಚುಗಳ ಮೇಲೆ ಕೂತ ನಮ್ಮಲ್ಲಿ ಬಹಳ ಮಂದಿಯ ಹಿಂದೆ ಇಂಥ ಒಬ್ಬ ತಾಯಿ, ಇಂಥ ಒಬ್ಬ ಅಕ್ಕ ಇದ್ದಾರೆ.

ಸುಬ್ಬರಾಯರನ್ನು ನಾನು ಈ ಒಂದು ವಿಷಯದಲ್ಲಿ ಪೂರ್ತಿ ನಿರ್ದೋಷಿಯೆನ್ನಲಾರೆ. ಲೋಕದ ಮಕ್ಕಳಿಗೆ ಮದ್ದು ಕೊಟ್ಟದ್ದರಿಂದ ಒಬ್ಬ ಹೆಂಗಸಿನ ಇಪ್ಪತ್ತೈದು ವರ್ಷದ ಕಾಯುವಿಕೆಯ ಲೆಕ್ಕ ಚುಕ್ತಾ ಆಯಿತೆಂದು ಹೇಳುವ ಅಧಿಕಾರ ನನಗಿಲ್ಲ. ಹೇಳಬಹುದಾಗಿದ್ದರೆ ಶೇಷಗಿರಿಯಮ್ಮನವರೇ ಹೇಳಬೇಕಿತ್ತು. ಆದರೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಅವರು ಆ ತ್ಯಾಗದ ಹಣದಿಂದ ಭೋಗ ಪಡಲಿಲ್ಲ, ಹೆಸರು ಕೊಂಡುಕೊಳ್ಳಲಿಲ್ಲ. ಸೋದರನ ಸಾವನ್ನು ಕಣ್ಣಾರೆ ಕಂಡವರು ಸ್ಪ್ರೂವಿನ ಮದ್ದು ಸಿಗುವವರೆಗೆ ಬಿಡಲಿಲ್ಲ. ಸಿಕ್ಕ ಮೇಲೂ ನಿಲ್ಲದೆ, ತಮಗೆ ಏನೂ ಆಗಬೇಕಿರದ ಬಾಸ್ಟನ್ನಿನ ಮಕ್ಕಳ ಹಾಸಿಗೆಯವರೆಗೆ ಆ ವಿದ್ಯೆಯನ್ನು ಒಯ್ದರು. ಮನೆಯವರ ಸಾಲವನ್ನು ಮನೆಗೆ ತೀರಿಸಲಾರದವರು ಅದನ್ನು ಲೋಕಕ್ಕೆ ಬಡ್ಡಿ ಸಮೇತ ಕಟ್ಟಿದರು.

ನಾವು ಎರಡನ್ನೂ ಕಲಿಯಬೇಕು. ವಿದ್ಯೆ ನಮ್ಮೊಬ್ಬರ ಸ್ವತ್ತಲ್ಲ, ಯಾರದೋ ಒಡವೆ, ಯಾರದೋ ಕುರಿ, ಯಾರದೋ ಬಿಟ್ಟ ಶಾಲೆ ಅದರೊಳಗೆ ಸೇರಿದೆ ಎಂಬುದನ್ನು ಮರೆಯದಿರುವುದು ಒಂದು. ಹೆಸರು ಬಂದೀತೇ ಎಂದು ನೋಡದೆ, ಸಿಕ್ಕ ಸಣ್ಣ ಕೆಲಸವನ್ನೇ ನೀಲಿ ಬಣ್ಣದ ಕೊನೆಯ ಛಾಯೆಯವರೆಗೆ ಸರಿಯಾಗಿ ಅಳೆಯುವುದು ಇನ್ನೊಂದು. ಪರೀಕ್ಷೆ ಮುಗಿಸಿ ಬರುವ ವರ್ಷ ಈ ಕಾಲೇಜನ್ನು ಬಿಡಲಿರುವ ನಾವು, ದೂರ ಹೋಗುವವರೂ ಊರಿನಲ್ಲೇ ಉಳಿಯುವವರೂ, ಸುಬ್ಬರಾಯರ ಕೆಲಸವನ್ನು ಅನುಸರಿಸೋಣ. ಜೊತೆಗೆ, ಅವರಿಗೆ ಆಗದೆ ಉಳಿದುದನ್ನು ಮಾಡಲು, ಆಗಾಗ ಮನೆಯ ದಾರಿಯನ್ನೂ ಹಿಡಿಯೋಣ.